ಕೂತ ಅಳತೆ

ಆ ಬೀದಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಎಲ್ಲರಿಗೂ ಅವರು ಮಾಸ್ಟರ್. ಪಾಠ ಹೇಳುವ ಮಾಸ್ಟರ್ ಅಲ್ಲ, ಕಟಿಂಗ್ ಮಾಸ್ಟರ್. ಬಟ್ಟೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಒಂದು ಕ್ಷಣ ಉಸಿರು ಹಿಡಿದು ಕತ್ತರಿ ಇಟ್ಟರೆಂದರೆ ಆಮೇಲೆ ಅನುಮಾನದ ಮಾತಿಲ್ಲ. ನಲವತ್ತೆರಡು ವರ್ಷದಿಂದ ಅದೇ ಕತ್ತರಿ, ಅದೇ ಮೇಜು, ಮನೆಯ ಅದೇ ಮುಂದಿನ ಕೋಣೆ. ಕೋಣೆಯ ಒಂದು ಬಾಗಿಲು ಬೀದಿಗೆ, ಇನ್ನೊಂದು ಅಡುಗೆಮನೆಗೆ. ಗಿರಾಕಿಯ ಕಾಲಿನ ಅಳತೆ ತೆಗೆಯುತ್ತಲೇ ಒಲೆಯ ಮೇಲಿನ ಹಾಲಿಗೂ ಒಂದು ಕಣ್ಣು ಇಟ್ಟಿರಬೇಕಾದ ಮನೆ ಅದು.

ಮಾಸ್ಟರ್ ಹೆಸರು ಮಾಡಿದ್ದು ಚೆಂದದ ಬಟ್ಟೆ ಹೊಲಿದಲ್ಲ. ಚೆಂದವಾಗಿ ಯಾರು ಬೇಕಾದರೂ ಹೊಲಿಯುತ್ತಾರೆ. ಅವರ ಹೆಚ್ಚುಗಾರಿಕೆ ಇದ್ದದ್ದು ಮುಚ್ಚುವುದರಲ್ಲಿ. ಮುಂದೆ ಬಂದ ಹೊಟ್ಟೆ, ಬಗ್ಗಿದ ಬೆನ್ನು, ಒಂದಕ್ಕಿಂತ ಒಂದು ಇಳಿದ ಭುಜ, ಎಲ್ಲವೂ ಅವರು ಹೊಲಿದ ಬಟ್ಟೆಯೊಳಗೆ ಹೊಕ್ಕು ಮಾಯವಾಗುತ್ತಿದ್ದವು. ಎದುರಿನ ಕ್ಷೌರದಂಗಡಿಯವನು ತನ್ನ ಗಿರಾಕಿಗಳಿಗೆ ಹೇಳುತ್ತಿದ್ದ, “ತಲೆ ನನಗೆ ಕೊಡಿ, ಮಿಕ್ಕಿದ್ದನ್ನ ಮಾಸ್ಟರ್‌ಗೆ ಕೊಡಿ. ಹೊಸ ಮನುಷ್ಯ ಆಗಿ ಮನೆಗೆ ಹೋಗ್ತೀರ.”

ಕೆಲಸ ಕಲಿಸಿದ ಗುರು ಮೊದಲ ದಿನವೇ ಒಂದು ಮಾತು ಹೇಳಿದ್ದರಂತೆ. ಅಳತೆ ತೆಗೆಯುವಾಗ ಮೈಯಲ್ಲಿ ಏನು ಓರೆ ಕಂಡರೂ ಗಿರಾಕಿಯ ಮುಂದೆ ಬಾಯಿ ಬಿಡಬಾರದು. ಮನೆಗೆ ಹೋಗಿ ಅವನು ಕನ್ನಡಿ ಮುಂದೆ ಅಳುವ ಹಾಗೆ ಮಾಡಬಾರದು. ಅದಕ್ಕೇ ಮಾಸ್ಟರ್ ಅಳತೆ ಪುಸ್ತಕದಲ್ಲಿ ಗುಟ್ಟಿನ ಗುರುತುಗಳಿದ್ದವು. ಭುಜದ ಅಂಕಿಯ ಪಕ್ಕ ಒಂದು ಚುಕ್ಕೆ ಇದ್ದರೆ ಒಂದು ಭುಜ ಸ್ವಲ್ಪ ಇಳಿದಿದೆ ಎಂದರ್ಥ, ಎರಡು ಚುಕ್ಕೆ ಇದ್ದರೆ ಚೆನ್ನಾಗಿಯೇ ಇಳಿದಿದೆ. ಅಡ್ಡಗೀಟು ಇದ್ದರೆ ಬೆನ್ನು ಬಗ್ಗಿದೆ. ಎಷ್ಟೋ ವರ್ಷದ ರೂಢಿಯಾದ್ದರಿಂದ ಇದಕ್ಕೆಲ್ಲ ಅವರು ಯೋಚನೆ ಮಾಡುವುದನ್ನೇ ಬಿಟ್ಟಿದ್ದರು. ಕೈ ತಾನಾಗಿ ಚುಕ್ಕೆ ಇಡುತ್ತಿತ್ತು, ಕತ್ತರಿ ತಾನಾಗಿ ಅದಕ್ಕೆ ತಕ್ಕ ಹಾಗೆ ತಿರುಗುತ್ತಿತ್ತು, ತಲೆ ಮಾತ್ರ ರೇಡಿಯೋ ಕೇಳುತ್ತಿತ್ತು.

ಅವರಿಗೆ ಈ ಲೋಕದಲ್ಲಿ ಒಬ್ಬನೇ ಶತ್ರು, ರೆಡಿಮೇಡ್. ಅಂಗಡಿಯಲ್ಲಿ ಸಾಲಾಗಿ ನೇತುಹಾಕಿದ ಅಂಗಿ ಕಂಡರೆ ಅವರ ಹುಬ್ಬು ಗಂಟಿಕ್ಕುತ್ತಿತ್ತು. “ಅದು ಯಾರಿಗೆ ಹೊಲಿದಿದ್ದು ಹೇಳು? ಯಾರಿಗೂ ಅಲ್ಲ. ಯಾರಿಗೂ ಹೊಲೀದೇ ಇರೋದನ್ನ ಅಂಗಿ ಅನ್ನಬಾರದು, ತೋಳಿರೋ ಚೀಲ ಅನ್ನಬೇಕು,” ಎನ್ನುತ್ತಿದ್ದರು. ಹುಟ್ಟಿದಾರಭ್ಯ ರೆಡಿಮೇಡ್ ಅಂಗಿ ಮೈಗೆ ಸೋಕಿಸಿಕೊಂಡಿಲ್ಲ ಎಂಬುದು ಅವರ ದೊಡ್ಡ ಜಂಬ.

ಆ ಮನೆಯಲ್ಲಿ ಅವರ ಜೊತೆ ಇದ್ದದ್ದು ಮಗಳು ಮತ್ತು ಮೊಮ್ಮಗಳು. ಮಗಳಿಗೆ ಔಷಧಿ ಅಂಗಡಿಯಲ್ಲಿ ಬೆಳಗಿನಿಂದ ಸಂಜೆವರೆಗೆ ಕೆಲಸ. ಅಳಿಯ ದೂರದ ಲಾರಿ ಓಡಿಸುವವನು, ತಿಂಗಳಿಗೊಮ್ಮೆ ಬಂದು ಎರಡು ದಿನ ನಿದ್ದೆ ಮಾಡಿ ಹೋಗುತ್ತಿದ್ದ. ಹನ್ನೊಂದು ವರ್ಷದ ಮೊಮ್ಮಗಳಿಗೆ ಮಾಸ್ಟರ್ ಇಟ್ಟ ಹೆಸರು ಬಾಬಿನ್. ಹೊಲಿಗೆ ಮೆಷಿನ್ನಿನ ಕೆಳಗೆ ದಾರ ಸುತ್ತಿಕೊಂಡು ಗಿರಗಿರ ತಿರುಗುವ ಆ ಪುಟ್ಟ ಚಕ್ರದ ಹಾಗೆ ಅವಳೂ ಒಂದು ಕಡೆ ನಿಂತವಳಲ್ಲ. ಒಮ್ಮೆ ಮೇಜಿನ ಕೆಳಗೆ, ಒಮ್ಮೆ ಕಿಟಕಿಯ ಮೇಲೆ, ಒಮ್ಮೆ ಎದುರು ಕ್ಷೌರದಂಗಡಿಯ ತಿರುಗುವ ಕುರ್ಚಿಯಲ್ಲಿ.

ಶಾಲೆಗಳೆಲ್ಲ ಬಾಗಿಲು ಹಾಕಿ ಪಾಠ ಪರದೆಗೆ ಬಂದ ವರ್ಷ ಅವಳನ್ನು ಎಲ್ಲಿ ಕೂರಿಸುವುದು ಎಂಬ ಪ್ರಶ್ನೆ ಎದ್ದಿತು. ಒಳಗೆ ಇದ್ದದ್ದು ಒಂದು ಮಲಗುವ ಕೋಣೆ. ಮಂಚದ ಮೇಲೆ ಕೂತರೆ ಪಾಠಕ್ಕಿಂತ ಮೊದಲು ನಿದ್ದೆ ಬರುತ್ತಿತ್ತು. ಅಡುಗೆಮನೆಯಲ್ಲಿ ಕೂತರೆ ಕುಕ್ಕರು ಕೂಗಿದ್ದು ಇಡೀ ತರಗತಿಗೆ ಕೇಳಿಸುತ್ತಿತ್ತು. ಆಗ ಮಾಸ್ಟರ್ ಒಂದು ದೊಡ್ಡ ಮನಸ್ಸು ಮಾಡಿದರು. ತಮ್ಮ ಕಟಿಂಗ್ ಮೇಜಿನ ಕಿಟಕಿ ಕಡೆಯ ಅರ್ಧ ಅವಳಿಗೆ ಬಿಟ್ಟುಕೊಟ್ಟರು. ಗುರು ಕೊಟ್ಟುಹೋದ ಮೇಜು ಅದು. ಅದರ ಮೇಲೆ ಯಾರಾದರೂ ನೀರಿನ ಲೋಟ ಇಟ್ಟರೂ ಅವರು ಸಿಡಿಮಿಡಿಗೊಳ್ಳುತ್ತಿದ್ದರು. ಅಂಥದ್ದರಲ್ಲಿ ಅರ್ಧ ಮೇಜು! ಮಗಳಿಗೆ ಕಣ್ಣಲ್ಲಿ ನೀರೇ ಬಂತು.

ಮೇಜಿನ ಎತ್ತರ ಮೂರು ಅಡಿ. ನಿಂತು ಕತ್ತರಿಸುವ ಮನುಷ್ಯನ ಸೊಂಟಕ್ಕೆ ಸರಿಯಾಗಿ ಮಾಡಿದ್ದು. ಬಾಬಿನ್‌ಗೆ ಸಿಕ್ಕಿದ್ದು ಗಿರಾಕಿಗಳು ಕಾಯುವಾಗ ಕೂರುತ್ತಿದ್ದ ಎರಡಡಿಯ ಸ್ಟೂಲು. ಕೂತರೆ ಮೇಜು ಅವಳ ಕಂಕುಳ ಹತ್ತಿರ ಬರುತ್ತಿತ್ತು. ಮಾಸ್ಟರ್ ಅದಕ್ಕೂ ಉಪಾಯ ಮಾಡಿದರು. ಮಿಕ್ಕಿದ ವೆಲ್ವೆಟ್ಟಿನಲ್ಲಿ ಒಂದು ದಿಂಬು ಹೊಲಿದು, ಪಕ್ಕದಲ್ಲಿ ಪೆನ್ಸಿಲಿಗೆ ಜೇಬನ್ನೂ ಇಟ್ಟು ಕೊಟ್ಟರು. ಬಲಗಡೆ ಅವರ ಬಟ್ಟೆಯ ರಾಶಿ ಮತ್ತು ಇಸ್ತ್ರಿಪೆಟ್ಟಿಗೆ ಇದ್ದದ್ದರಿಂದ ಲ್ಯಾಪ್‌ಟಾಪು ಎಡಮೂಲೆಗೆ ಹೋಯಿತು. ಹುಡುಗಿ ಬಲ ಮೊಣಕೈಯನ್ನು ಮೇಜಿಗೆ ಊರಿ, ಎಡಗೈಯನ್ನು ತೊಡೆಯ ಮೇಲೆ ಬಿಟ್ಟು, ಕತ್ತು ತಿರುಗಿಸಿ ಬಗ್ಗಿ ನೋಡುತ್ತಾ, ಕಾಲು ಗಾಳಿಯಲ್ಲಿ ಇಳಿಬಿಟ್ಟು ದಿನಕ್ಕೆ ಐದು ಗಂಟೆ ಕೂತಳು. ಮಾಸ್ಟರ್ ಇನ್ನರ್ಧ ಮೇಜಿನಲ್ಲಿ ಬಟ್ಟೆ ಕತ್ತರಿಸುತ್ತಾ ಆಗಾಗ ಅವಳ ಕಡೆ ನೋಡಿ ಹಿಗ್ಗುತ್ತಿದ್ದರು. ಒಂದೇ ಮೇಜಿನಲ್ಲಿ ಎರಡು ತಲೆಮಾರು ದುಡಿಯುತ್ತಿವೆ ಎಂಬ ಹಿಗ್ಗು.

“ತಾತ, ಕತ್ತು ಹಿಡ್ಕೊಂಡಿದೆ,” ಎಂದಳು ಎರಡನೇ ತಿಂಗಳಲ್ಲಿ.

“ಕೆಲಸ ಮಾಡೋರಿಗೆ ಹಿಡ್ಕೊಳ್ಳೋದೇ. ನನಗೆ ನಲವತ್ತು ವರ್ಷದಿಂದ ಹಿಡ್ಕೊಂಡಿದೆ, ಇನ್ನೂ ಬಿಟ್ಟಿಲ್ಲ. ನನಗೇನಾಯ್ತು ಹೇಳು?”

ಕಾಲು ಜುಮುಜುಮು ಅನ್ನುತ್ತದೆ ಎಂದಳು. ಅಲ್ಲಾಡಿಸು ಎಂದರು. ತಲೆನೋವು ಎಂದಾಗ ಮಗಳು ಅವಳ ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬಂದಳು; ಕಣ್ಣು ನೆಟ್ಟಗಿತ್ತು. ಔಷಧಿ ಅಂಗಡಿಯಿಂದ ಒಂದು ಮುಲಾಮು ಬಂತು. ಆಮೇಲೆ ಬಾಬಿನ್ ಹೇಳುವುದನ್ನೇ ಬಿಟ್ಟಳು. ಓಡಾಟವೂ ಕಡಿಮೆಯಾಯಿತು. ಪಾಠ ಮುಗಿದರೂ ಅಲ್ಲೇ ಮುದ್ದೆಯಾಗಿ ಕೂತಿರುತ್ತಿದ್ದಳು. “ಹುಡುಗಿ ಗಂಭೀರ ಆದ್ಳು, ಬುದ್ಧಿ ಬಂತು,” ಎಂದು ಮಾಸ್ಟರ್ ಬೀದಿಯವರಿಗೆಲ್ಲ ಹೇಳಿಕೊಂಡು ಬಂದರು. ಈಗ ಅದನ್ನು ನೆನೆದರೆ ಅವರಿಗೆ ತಮ್ಮ ನಾಲಿಗೆಯನ್ನೇ ಕತ್ತರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹೀಗಿರುವಾಗ ಮಾಸ್ಟರ್ ತಂಗಿ ಒಂದು ದಿನ ಬಂದಿಳಿದಳು. ಬಾಬಿನ್‌ಗೆ ಆಕೆ ಚಿಕ್ಕಜ್ಜಿ. ಅಣ್ಣನನ್ನು ಕೆಣಕದಿದ್ದರೆ ಆಕೆಗೆ ತಿಂದದ್ದು ಅರಗುತ್ತಿರಲಿಲ್ಲ. ಚೀಲದಿಂದ ಎರಡು ತಿಳಿನೀಲಿ ಅಂಗಿ ತೆಗೆದಳು. ಒಂದು ಬಾಬಿನ್‌ಗೆ, ಅದೇ ಬಣ್ಣದ ಇನ್ನೊಂದು ಮಾಸ್ಟರ್‌ಗೆ. ಎರಡೂ ರೆಡಿಮೇಡ್.

“ಏನು, ನನಗೆ ಬೇಕಂತಲೇ ತಂದಿದ್ದೀಯಲ್ಲ?” ಎಂದರು ಮಾಸ್ಟರ್.

“ಹೌದು ಅಣ್ಣ, ಬೇಕಂತಲೇ,” ಎಂದಳು ಆಕೆ, ಕಾಲು ಚಾಚಿಕೊಂಡು ಕೂರುತ್ತಾ.

ಮಾಸ್ಟರ್ ತಮ್ಮದನ್ನು ಬಿಚ್ಚಿಯೂ ನೋಡದೆ ಚಿಂದಿಬಟ್ಟೆಯ ಪೆಟ್ಟಿಗೆಗೆ ಎಸೆದರು. ಬಾಬಿನ್ ಮಾತ್ರ ಕುಣಿಯುತ್ತಾ ಒಳಗೆ ಹೋಗಿ ಹಾಕಿಕೊಂಡು ಬಂದಳು. ಬಂದು ನಿಂತದ್ದೇ ತಡ, ಮಾಸ್ಟರ್‌ಗೆ ಸ್ವರ್ಗಕ್ಕೆ ಮೂರೇ ಗೇಣು ಉಳಿಯಿತು. ಅಂಗಿ ಎಡಗಡೆ ಜೋತುಬಿದ್ದಿತ್ತು. ಎಡ ಅಂಚು ಬಲಕ್ಕಿಂತ ಕೆಳಗೆ ಇಳಿದಿತ್ತು. ಕಾಲರಿನ ಹಿಂದೆ ಒಂದು ನೆರಿಗೆ ಎದ್ದು ಓರೆಯಾಗಿ ಕಂಕುಳವರೆಗೆ ಹರಿದಿತ್ತು.

“ನೋಡಿದ್ಯಾ! ನೋಡಿದ್ಯಾ ರೆಡಿಮೇಡ್ ಹಣೆಬರಹ! ಎರಡು ಭುಜ ಒಂದೇ ಸಮ ಕತ್ತರಿಸೋಕೆ ಬರಲ್ಲ ಈ ಜನಕ್ಕೆ. ಕೊಡು ಇಲ್ಲಿ, ಎಷ್ಟು ಇಂಚು ಮೋಸ ಅಂತ ಅಳೆದೇ ತೋರಿಸ್ತೀನಿ.”

ಅಂಗಿ ಬಿಚ್ಚಿಸಿ ಮೇಜಿನ ಮೇಲೆ ಹಾಸಿದರು. ಬೆನ್ನಿನ ನಟ್ಟನಡುವೆ ಸರಿಯಾಗಿ ಎರಡಾಗಿ ಮಡಿಸಿದರು. ಎಡ ಭುಜದ ಮೇಲೆ ಬಲ ಭುಜ ಇಟ್ಟರು. ಕೂತುಕೊಂಡಿತು. ಎಡ ಅಂಚಿಗೆ ಬಲ ಅಂಚು ಇಟ್ಟರು. ಎಳ್ಳಷ್ಟೂ ವ್ಯತ್ಯಾಸವಿಲ್ಲದೆ ಕೂತುಕೊಂಡಿತು. ಟೇಪು ಹಿಡಿದು ಮೂರು ಸಲ ಅಳೆದರು. ಮೂರು ಸಲವೂ ಅದೇ.

“ಸರಿಯಾಗೇ ಇದೆಯಲ್ಲ ಅಣ್ಣ,” ಎಂದಳು ತಂಗಿ. ಈ ಸಲ ಕೆಣಕುವ ಧ್ವನಿ ಇರಲಿಲ್ಲ.

ಮಾಸ್ಟರ್ ಟೇಪು ಕೆಳಗಿಟ್ಟರು. ಬಾಬಿನ್ ಬಿಚ್ಚಿಟ್ಟಿದ್ದ ಅಂಗಿಯನ್ನು, ಎರಡು ತಿಂಗಳ ಹಿಂದೆ ತಾವೇ ಹೊಲಿದದ್ದನ್ನು, ಎತ್ತಿಕೊಂಡು ಅದೇ ರೀತಿ ಮಡಿಸಿದರು. ಅಂಚಿಗೆ ಅಂಚು ಕೂಡಲಿಲ್ಲ. ಎಡ ಅಂಚು ಕಾಲು ಇಂಚು ಗಿಡ್ಡ. ಬೆನ್ನಿನ ತುಂಡು ಇರಬೇಕಾದ್ದಕ್ಕಿಂತ ಅರ್ಧ ಇಂಚು ಉದ್ದ. ಎಡ ಭುಜದ ಒಳಗೆ ಬೆರಳಾಡಿಸಿದರೆ ದಪ್ಪಗೆ ಸಿಕ್ಕಿದ್ದು ಕ್ಯಾನ್ವಾಸಿನ ಎರಡು ಪದರ, ಇಳಿದ ಭುಜವನ್ನು ಎತ್ತಿ ತೋರಿಸಲು ದೊಡ್ಡವರ ಕೋಟಿಗೆ ಅವರು ಇಡುತ್ತಿದ್ದ ಮೆತ್ತೆ. ಅದಕ್ಕೂ ಮುಂಚಿನ ಅಂಗಿ ತರಿಸಿ ನೋಡಿದರು, ಅದರಲ್ಲಿ ಒಂದು ಪದರ. ಶಾಲೆ ಮುಚ್ಚುವ ಮೊದಲಿನದರಲ್ಲಿ ಏನೂ ಇರಲಿಲ್ಲ.

ಅಳತೆ ಪುಸ್ತಕ ತೆಗೆದರು. ಬಾಬಿನ್ ಪುಟದಲ್ಲಿ ಭುಜದ ಅಂಕಿಯ ಪಕ್ಕ, ಶಾಲೆ ಮುಚ್ಚಿದ ಮೇಲೆ ಮೊದಲ ಸಲ ಒಂದು ಚುಕ್ಕೆ, ಎರಡನೇ ಸಲ ಎರಡು ಚುಕ್ಕೆ, ಅದರ ಪಕ್ಕ ಒಂದು ಅಡ್ಡಗೀಟು. ಅವರದೇ ಕೈಬರಹ. ಆ ದಿನ ರೇಡಿಯೋದಲ್ಲಿ ಏನು ಬರುತ್ತಿತ್ತೋ, ನೆನಪಿಲ್ಲ. ಕಂಡಿದ್ದರು, ಬರೆದಿದ್ದರು, ಮುಚ್ಚಿಯೂ ಇದ್ದರು. ನೋಡಿರಲಿಲ್ಲ ಅಷ್ಟೇ.

“ಆ ಮೆತ್ತೆ ನನಗೋಸ್ಕರ ಸ್ಪೆಷಲ್ಲಾಗಿ ಇಟ್ಟಿದ್ದೀಯ ಅಂದ್ಕೊಂಡಿದ್ದೆ ತಾತ,” ಎಂದಳು ಬಾಬಿನ್. ಅವರು ಅವಳನ್ನು ಹತ್ತಿರ ಎಳೆದುಕೊಂಡು ಎರಡೂ ಭುಜದ ಮೇಲೆ ಎರಡು ಅಂಗೈ ಇಟ್ಟರು. ಅವಳ ಎಡ ಭುಜದ ಮೇಲಿನ ಅಂಗೈ ಕೆಳಗಿತ್ತು. ಇಷ್ಟು ಸಣ್ಣ ಭುಜ. ಅವರು ಅಲ್ಲೇ ಅವಳ ಸ್ಟೂಲಿನ ಮೇಲೆ ಕೂತರು. ಕೂತ ಮೇಲೆ ತಮ್ಮ ಕಾಲೂ ನೆಲಕ್ಕೆ ಸರಿಯಾಗಿ ಊರುತ್ತಿಲ್ಲ ಎಂದು ಮೊದಲ ಸಲ ಗೊತ್ತಾಯಿತು.

ಸಂಜೆ ಮಗಳು ಬಂದಾಗ ಎಲ್ಲವನ್ನೂ ಹೇಳಿದರು. ಅವಳು ಕೂಗಾಡಿದ್ದರೆ ಅವರಿಗೆ ಎಷ್ಟೋ ಹಗುರವಾಗುತ್ತಿತ್ತು. ಅವಳು ಬಾಬಿನ್ ಬೆನ್ನನ್ನು ಮೇಲಿಂದ ಕೆಳಗೆ ಸವರಿ, “ಅಪ್ಪ ಅಳತೆ ತೆಗೀತಾನಲ್ಲ, ಏನಾದ್ರೂ ಇದ್ರೆ ಅವನ ಕಣ್ಣಿಗೆ ಬೀಳುತ್ತೆ ಅಂತ ನಾನು ನೋಡೋದೇ ಬಿಟ್ಟಿದ್ದೆ,” ಎಂದಳು.

ಮಾರನೇ ದಿನ ಮೂವರೂ ವ್ಯಾಯಾಮದ ಡಾಕ್ಟರಮ್ಮನ ಹತ್ತಿರ ಹೋದರು. ಔಷಧಿ ಅಂಗಡಿಯ ಮೇಲಿನ ಮಹಡಿಯಲ್ಲಿ ಆಕೆಯ ಕೋಣೆ. ಗಟ್ಟಿ ಧ್ವನಿಯ, ಗಡಿಬಿಡಿ ಇಲ್ಲದ ಹೆಂಗಸು. ಬಾಬಿನ್‌ಳನ್ನು ನಿಲ್ಲಿಸಿದಳು, ಬಗ್ಗಿಸಿದಳು, ಕತ್ತು ತಿರುಗಿಸಿ ನೋಡಿದಳು. ಕೊನೆಗೆ, “ಮೂಳೆಗೆ ಏನೂ ಆಗಿಲ್ಲ. ಮೈ ಒಂದು ಕೆಟ್ಟ ಅಭ್ಯಾಸ ಕಲಿತಿದೆ, ಬಿಡಿಸಬಹುದು. ಇನ್ನೆರಡು ವರ್ಷ ಬಿಟ್ಟು ಬಂದಿದ್ರೆ ಇಷ್ಟು ಧೈರ್ಯವಾಗಿ ಹೇಳ್ತಿರಲಿಲ್ಲ,” ಎಂದಳು.

“ಎಲ್ಲಿ ಕೂರ್ತಾಳೆ?” ಎಂದು ಕೇಳಿದಳು ಡಾಕ್ಟರಮ್ಮ.

“ನನ್ನ ಮೇಜಿನಲ್ಲಿ,” ಎಂದರು ಮಾಸ್ಟರ್. “ಇವಳ ಎದೆ, ಸೊಂಟ, ತೋಳು, ಎಲ್ಲ ಅಳತೆ ನನಗೆ ಬಾಯಿಪಾಠ. ಬೇಕಾದ್ರೆ ಕೇಳಿ.”

“ಕೂತಾಗ ನೆಲದಿಂದ ಮಂಡಿ ಹಿಂಭಾಗದವರೆಗೆ ಎಷ್ಟು?”

ಮಾಸ್ಟರ್ ಬಗ್ಗಿ ಮೊಮ್ಮಗಳ ಮಂಡಿಯ ಕಡೆ ನೋಡಿದರು.

“ಕೂತ ಜಾಗದಿಂದ ಮೊಣಕೈ? ಕಣ್ಣು?”

ನಲವತ್ತೆರಡು ವರ್ಷದಲ್ಲಿ ಅವರು ಎಷ್ಟು ಸಾವಿರ ಮೈ ಅಳೆದಿದ್ದರೋ, ಎಲ್ಲರನ್ನೂ ನಿಲ್ಲಿಸಿಯೇ ಅಳೆದದ್ದು. ಮನುಷ್ಯ ದಿನದ ಅರ್ಧ ಹೊತ್ತು ಕೂತೇ ಇರುತ್ತಾನೆ ಎಂಬುದು ಅವರ ಟೇಪಿಗೆ ತಿಳಿದೇ ಇರಲಿಲ್ಲ.

“ಪಾದ ಪೂರ್ತಿ ಊರಬೇಕು. ಮೊಣಕೈ ಮೇಜಿನ ಮಟ್ಟಕ್ಕೆ ಬರಬೇಕು, ಭುಜ ಎತ್ತೋ ಹಾಗಿರಬಾರದು. ಬೆನ್ನಿಗೆ ಆಸರೆ ಬೇಕು. ಪರದೆ ಎದುರಿಗೆ ಇರಬೇಕು, ಅದರ ಮೇಲಂಚು ಕಣ್ಣಿನ ನೇರಕ್ಕೆ. ಇಷ್ಟೆಲ್ಲ ಮಾಡಿದ್ರೂ ಅರ್ಧ ಗಂಟೆಗಿಂತ ಒಂದೇ ಸಮನೆ ಕೂರಿಸಬೇಡಿ. ಎಂಥಾ ಒಳ್ಳೆ ಕುರ್ಚಿ ಆದ್ರೂ ಆಮೇಲೆ ಅದು ಕುರ್ಚಿ ಅಲ್ಲ, ಶಿಕ್ಷೆ.” ಇಷ್ಟು ಹೇಳಿ ಆಕೆ ಮಾಸ್ಟರ್ ಕಡೆ ತಿರುಗಿ ಅವರ ಅಂಗಿಯನ್ನು ದಿಟ್ಟಿಸಿದಳು. “ನಿಮ್ಮ ಶರ್ಟು ಯಾರು ಹೊಲಿದದ್ದು?”

“ನಾನೇ,” ಎಂದರು ಮಾಸ್ಟರ್. ಅಂಥ ದುಃಖದಲ್ಲೂ ಎದೆ ಒಂದಿಷ್ಟು ಉಬ್ಬಿತು.

ಡಾಕ್ಟರಮ್ಮ ಅವರ ಭುಜದ ಮೇಲೆ ಕೈ ಇಟ್ಟು ಒತ್ತಿ ನೋಡಿ, “ತುಂಬಾ ಚೆನ್ನಾಗಿ ಮುಚ್ಚಿದ್ದೀರ,” ಎಂದಳು.

ಮನೆ ಹತ್ತಿರ ಬಂದಾಗ ಬಾಬಿನ್ ಕೇಳಿದಳು, “ತಾತ, ನಿನ್ನ ಅಂಗೀಲೂ ಮೆತ್ತೆ ಇದೆಯಾ?” ಮಾಸ್ಟರ್ ಇದೆ ಎಂದು ತಲೆಯಾಡಿಸಿದರು.

ಅಂದು ಮಧ್ಯಾಹ್ನ ಮಾಸ್ಟರ್ ಅಂಗಡಿಯ ಬೀದಿ ಬಾಗಿಲು ಮುಚ್ಚಿದರು. ಹಗಲು ಹೊತ್ತಿನಲ್ಲಿ ಆ ಬಾಗಿಲು ಮುಚ್ಚಿದ್ದನ್ನು ಕ್ಷೌರದಂಗಡಿಯವನು ಅದುವರೆಗೆ ಕಂಡಿರಲಿಲ್ಲ. ಅಳತೆ ಪುಸ್ತಕದಲ್ಲಿ ಹೊಸ ಪುಟ ತೆರೆದು ಮೇಲೆ ‘ಕೂತ ಅಳತೆ’ ಎಂದು ಬರೆದರು. ಬಾಬಿನ್‌ಳನ್ನು ಕೂರಿಸಿ ಮಂಡಿಯೂರಿ ಟೇಪು ಹಿಡಿದರು. ಪಾದದಿಂದ ಮಂಡಿ ಹಿಂಭಾಗಕ್ಕೆ ಹದಿನಾಲ್ಕೂವರೆ. ಕೂತ ಜಾಗದಿಂದ ಮೊಣಕೈಗೆ ಏಳೂವರೆ. ಕಣ್ಣಿಗೆ ಇಪ್ಪತ್ತೈದು. ಮೇಜು ಮೂವತ್ತಾರು. ಬಾಬಿನ್ ಲೆಕ್ಕ ಮಾಡಿ ಹೇಳಿದಳು, “ಹಾಗಾದ್ರೆ ನಾನು ಇಪ್ಪತ್ತೆಂಟೂವರೆ ಮೇಲೆ ಕೂರಬೇಕು ತಾತ. ಪಾದಕ್ಕೆ ಹದಿನಾಲ್ಕು ಇಂಚು ಎತ್ತರದ್ದು ಏನಾದ್ರೂ ಬೇಕು.”

ವೆಲ್ವೆಟ್ ದಿಂಬು ಕೂತರೆ ಎರಡು ಇಂಚಿಗೆ ಇಳಿಯುತ್ತಿತ್ತು. ಮಾಸ್ಟರ್ ಅದನ್ನು ಬಿಚ್ಚಿ, ಕತ್ತರಿಸಿ ಮಿಕ್ಕ ಬಟ್ಟೆಯ ಚೂರುಗಳನ್ನು ಕುಟ್ಟಿ ಕುಟ್ಟಿ ತುಂಬಿ, ಕೂತರೂ ನಾಲ್ಕೂವರೆಗಿಂತ ಇಳಿಯದಷ್ಟು ಗಟ್ಟಿ ಮಾಡಿದರು. ಪೆನ್ಸಿಲಿನ ಜೇಬು ಹಾಗೇ ಉಳಿಯಿತು. ಹಳೇ ಮೆಷಿನ್ ಬಂದಿದ್ದ ಮರದ ಪೆಟ್ಟಿಗೆ ಹನ್ನೆರಡು ಇಂಚಿತ್ತು. ಅದಕ್ಕೆ ಎರಡು ಇಂಚಿನ ಮೆತ್ತೆ ಬಡಿದು ಕಾಲ ಕೆಳಗೆ ಇಟ್ಟರು. ಸ್ಟೂಲನ್ನು ಗೋಡೆಗೆ ಒತ್ತಿ, ಮೇಜನ್ನೇ ಹತ್ತಿರ ಎಳೆದು, ಬೆನ್ನಿನ ತಗ್ಗಿಗೆ ಕೂರುವ ಹಾಗೆ ಒಂದು ಉದ್ದ ದಿಂಬು ಹೊಲಿದರು. ಅದಕ್ಕೆ ಅಳತೆ ತೆಗೆದಷ್ಟು ಜಾಗರೂಕತೆಯಿಂದ ಅವರು ಯಾವ ಮದುಮಗನ ಕೋಟಿಗೂ ತೆಗೆದಿರಲಿಲ್ಲ. ಲ್ಯಾಪ್‌ಟಾಪು ಮೂಲೆಯಿಂದ ಎದುರಿಗೆ ಬಂತು. ಅದನ್ನು ಎಂಟು ಇಂಚು ಎತ್ತರಿಸಲು ಸಿಕ್ಕಿದ್ದು ಅವರ ಹಳೇ ರಟ್ಟಿನ ಪ್ಯಾಟರ್ನುಗಳ ಕಟ್ಟು, ಊರಿನ ದೊಡ್ಡ ದೊಡ್ಡ ಹೊಟ್ಟೆಗಳನ್ನೆಲ್ಲ ಮುಚ್ಚಿದ್ದ ಆಕಾರಗಳು. ಟೈಪು ಮಾಡಲು ಮಗಳು ಬೇರೆ ಕೀಬೋರ್ಡು ತಂದಳು. ಬಟ್ಟೆಯ ರಾಶಿ ಮಂಚದ ಮೇಲೆ ಹೋಯಿತು. ಇಸ್ತ್ರಿಪೆಟ್ಟಿಗೆ ಅಡುಗೆಮನೆಗೆ ಗಡೀಪಾರಾಯಿತು.

ಅರ್ಧ ಗಂಟೆಗೊಮ್ಮೆ ಎಬ್ಬಿಸುವುದು ಹೇಗೆ? ಏಳು ಎಂದರೆ ಹುಡುಗಿ ಏಳುತ್ತಿರಲಿಲ್ಲ. ಮಾಸ್ಟರ್ ಒಂದು ಸುಳ್ಳು ಹೂಡಿದರು. ಕಣ್ಣು ಮಂದವಾಗಿದೆ, ಸೂಜಿಗೆ ದಾರ ಪೋಣಿಸಿಕೊಡು ಎನ್ನುವುದು. ಪಾಠ ಕೇಳುತ್ತಲೇ ಅವಳು ಎದ್ದು ಬಂದು, ಸೂಜಿಯನ್ನು ಬೆಳಕಿಗೆ ಹಿಡಿದು ಪೋಣಿಸಿ, ತೋಳು ತಿರುಗಿಸಿ ಹೋಗುತ್ತಿದ್ದಳು. ದಿನಕ್ಕೆ ಹತ್ತು ಸಲ ದಾರ ಮುಗಿಯುವ ಟೈಲರನ್ನು ಯಾರಾದರೂ ಕಂಡಿದ್ದಾರೆಯೇ? ನಾಲ್ಕೇ ದಿನಕ್ಕೆ ಅವಳಿಗೆ ಗುಟ್ಟು ಗೊತ್ತಾಯಿತು. ಆದರೂ ಬಾಯಿ ಬಿಡಲಿಲ್ಲ. ಅವಳೂ ಮಾಸ್ಟರ್ ಮೊಮ್ಮಗಳೇ ತಾನೆ.

ಆ ತಿಳಿನೀಲಿ ರೆಡಿಮೇಡ್ ಅಂಗಿಗೆ ಈಗ ಗೋಡೆಯ ಮೇಲೆ ಸ್ವಂತ ಮೊಳೆ ಸಿಕ್ಕಿತ್ತು. ಪ್ರತಿ ಭಾನುವಾರ ಬೆಳಿಗ್ಗೆ ಬಾಬಿನ್ ಅದನ್ನು ಹಾಕಿಕೊಂಡು ಕಿಟಕಿಯ ಬೆಳಕಿಗೆ ಬೆನ್ನು ಕೊಟ್ಟು ನಿಲ್ಲಬೇಕು. ಮಾಸ್ಟರ್ ಎಡ ಅಂಚು ಎಷ್ಟು ಇಳಿದಿದೆ ಎಂದು ಅಳೆದು, ಚುಕ್ಕೆ ಇಡದೆ, ಅಂಕಿಯಲ್ಲೇ ಬರೆದು ಗಟ್ಟಿಯಾಗಿ ಓದುತ್ತಿದ್ದರು. “ಯಾರಿಗೂ ಹೊಲಿದಿದ್ದಲ್ಲ ನೋಡು, ಅದಕ್ಕೇ ಯಾರ ಮುಲಾಜೂ ಇಲ್ಲ ಅದಕ್ಕೆ,” ಎಂದು ಒಂದು ಭಾನುವಾರ ಒಪ್ಪಿಕೊಂಡರು. ತಂಗಿ ಫೋನಿನಲ್ಲಿ ಈ ಮಾತನ್ನು ಎರಡು ಸಲ ಹೇಳಿಸಿಕೊಂಡಳು. ಡಾಕ್ಟರಮ್ಮ ಹೇಳಿಕೊಟ್ಟ ವ್ಯಾಯಾಮವೂ ತಪ್ಪದೆ ನಡೆಯಿತು. ಅರ್ಧ ಇಂಚು ಇದ್ದದ್ದು ಎರಡು ತಿಂಗಳಲ್ಲಿ ಕಾಲು ಇಂಚಿಗೆ ಬಂತು. ತಲೆನೋವು ಹೋಯಿತು. ಒಂದು ಮಧ್ಯಾಹ್ನ ಬಾಬಿನ್ ಕಾಣದೆ ಹುಡುಕಿದರೆ ಎದುರಿನ ಕ್ಷೌರದಂಗಡಿಯ ಕುರ್ಚಿಯಲ್ಲಿ ಗಿರಗಿರ ತಿರುಗುತ್ತಿದ್ದಳು. ಮಾಸ್ಟರ್ ಬೈಯಲು ಹೊರಟವರು ಬಾಗಿಲಲ್ಲೇ ನಿಂತು ನೋಡಿ ವಾಪಸು ಬಂದರು.

ಅಷ್ಟರಲ್ಲಿ ಶಾಲೆ ತೆರೆಯುವ ಸುದ್ದಿ ಬಂತು. ಬಾಬಿನ್ ಬೆಳೆದಿದ್ದಳು, ಹೊಸ ಬಿಳಿ ಅಂಗಿ ಬೇಕು. ಅಳತೆಗೆ ನಿಂತವಳು ತಾತನ ಕೈ ಹಿಡಿದುಕೊಂಡಳು.

“ತಾತ, ಇದೊಂದು ಸಲ ಮೆತ್ತೆ ಇಡು.”

“ಯಾಕೆ ಪುಟ್ಟ?”

“ಎಲ್ಲರೂ ನೋಡ್ತಾರೆ. ಒಂದು ವರ್ಷ ಆದ್ಮೇಲೆ ನೋಡೋದು ಅವರು ನನ್ನ. ಸೊಟ್ಟ ಭುಜ ಅಂತ ಹೆಸರಿಡ್ತಾರೆ. ನೀನು ಇಟ್ರೆ ಯಾರಿಗೂ ಗೊತ್ತಾಗಲ್ಲ.”

ಯಾರಿಗೂ ಗೊತ್ತಾಗುವುದಿಲ್ಲ, ಅದು ನಿಜ. ಬರೀ ಕಾಲು ಇಂಚು. ಮಾಸ್ಟರ್ ಕೈಗೆ ಅದು ಕಣ್ಣು ಮುಚ್ಚಿ ಮಾಡುವ ಕೆಲಸ. ಅವಳನ್ನು ಒಳಗೆ ಕಳಿಸಿ ಬಿಳಿ ಬಟ್ಟೆ ಹಾಸಿದರು. ಕೈ ತಾನಾಗಿ ಕ್ಯಾನ್ವಾಸಿನ ಕಡೆ ಹೋಯಿತು. ಒಂದು ಪದರ ಕತ್ತರಿಸಿಯೂ ಬಿಟ್ಟರು. ಮಗುವಿನ ಮನಸ್ಸು ನೋಯಬಾರದು, ಗುರು ಹೇಳಿದ್ದೂ ಅದನ್ನೇ ಅಲ್ಲವೇ? ಆದರೆ ಮುಚ್ಚಿದರೆ ಅವಳೂ ಮರೆಯುತ್ತಾಳೆ, ಅವಳ ಅಮ್ಮನೂ ಮರೆಯುತ್ತಾಳೆ. ಎಲ್ಲರಿಗಿಂತ ಮೊದಲು ತಾವೇ ಮರೆಯುತ್ತಾರೆ, ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಕ್ಯಾನ್ವಾಸನ್ನು ಪಕ್ಕಕ್ಕೆ ಸರಿಸಿದರು. ಬಟ್ಟೆಯನ್ನು ನಡುವೆ ಮಡಿಸಿ, ಎರಡೂ ಭುಜಕ್ಕೆ ಒಂದೇ ಗೆರೆ ಎಳೆದು, ಒಂದೇ ಸಲಕ್ಕೆ ಕತ್ತರಿಸಿದರು. ಕತ್ತರಿ ಅಷ್ಟು ಭಾರವಾಗಿ ಅವರಿಗೆ ಎಂದೂ ಅನ್ನಿಸಿರಲಿಲ್ಲ.

ಶಾಲೆ ತೆರೆಯುವ ದಿನ ಬೆಳಿಗ್ಗೆ ಬಾಬಿನ್ ಅಂಗಿ ಹಾಕಿಕೊಂಡು ಕನ್ನಡಿ ಮುಂದೆ ನಿಂತಳು. ಕಾಲರಿನ ಹಿಂದೆ ಸಣ್ಣ ನೆರಿಗೆ ಇತ್ತು. ಎಡ ಭುಜ ಮುಟ್ಟಿ ನೋಡಿಕೊಂಡಳು. ಮುಖ ಸಣ್ಣದಾಯಿತು.

“ನೀನು ಇಡಲೇ ಇಲ್ಲ,” ಎಂದಳು. ಕಣ್ಣು ತುಂಬಿ ಬಂತು. “ನೀನು ಊರಿಗೆಲ್ಲ ಇಡ್ತೀಯ, ನಿನಗೂ ಇಟ್ಕೊಂಡಿದ್ದೀಯ. ನನಗೆ ಮಾತ್ರ ಇಡಲ್ಲ. ನಾನು ಹೋಗಲ್ಲ ಶಾಲೆಗೆ.”

ಮಗಳು ಸಮಾಧಾನ ಮಾಡಲು ಹೋದಳು, ಹುಡುಗಿ ಬಗ್ಗಲಿಲ್ಲ. ಅವಳು ಹೇಳಿದ್ದರಲ್ಲಿ ತಪ್ಪೇನಿತ್ತು? ಮಾಸ್ಟರ್ ಮುಂದಿನ ಕೋಣೆಗೆ ಹೋದರು. ಅಲ್ಲಿ ಪೆಟ್ಟಿಗೆಯ ಮುಚ್ಚಳ ತೆಗೆದ ಸದ್ದಾಯಿತು. ಆಮೇಲೆ ಸ್ವಲ್ಪ ಹೊತ್ತು ಅಡುಗೆಮನೆಯಿಂದ ಇಸ್ತ್ರಿಪೆಟ್ಟಿಗೆಯ ಸದ್ದೂ ಕೇಳಿಸಿತು.

ಹೊರಗೆ ಬಂದಾಗ ಅವರ ಮೈಮೇಲೆ ತಿಳಿನೀಲಿ ರೆಡಿಮೇಡ್ ಅಂಗಿ ಇತ್ತು. ಚಿಂದಿಯ ಪೆಟ್ಟಿಗೆಗೆ ಎಸೆದಿದ್ದ ಅದೇ ಅಂಗಿ. ಮಗಳು ಕೈಯನ್ನು ಬಾಯಿಗೆ ಒತ್ತಿಕೊಂಡಳು. ಅಪ್ಪನ ಭುಜ ಅಷ್ಟು ಇಳಿದಿದೆ ಎಂದು ಅವಳು ಹುಟ್ಟಿದಂದಿನಿಂದ ಕಂಡಿರಲಿಲ್ಲ. ಎಡಗಡೆ ಅಂಗಿ ಜಾರಿಬೀಳುವ ಹಾಗಿತ್ತು. ಬೆನ್ನು ಗೂನಾಗಿ ಎದ್ದು ಹಿಂದಿನ ಅಂಚು ಮೇಲೇರಿತ್ತು. ಕಾಲರಿನಿಂದ ಕಂಕುಳವರೆಗೆ ಒಂದಲ್ಲ, ಮೂರು ನೆರಿಗೆ. ನೆಟ್ಟಗಿದ್ದ ಮಾಸ್ಟರ್ ಹೋಗಿ ಅಲ್ಲೊಬ್ಬ ಬಗ್ಗಿದ ಮುದುಕ ನಿಂತಿದ್ದ.

“ಬಾ, ಹೊತ್ತಾಯ್ತು. ಇವತ್ತು ನಾನೇ ಬಿಟ್ಟು ಬರ್ತೀನಿ,” ಎಂದ ಆ ಮುದುಕ.

ಬಾಬಿನ್ ಅಳು ನಿಲ್ಲಿಸಿ ಕಣ್ಣು ಪಿಳಿಪಿಳಿ ಬಿಟ್ಟಳು. “ತಾತ... ಬೀದಿಯವರೆಲ್ಲ ನೋಡ್ತಾರೆ.”

“ನೋಡ್ಲಿ.”

ಇಬ್ಬರೂ ಬೀದಿಗಿಳಿದರು. ಆ ಬೀದಿಯಲ್ಲಿ ಅವರ ಕೈಯ ಬಟ್ಟೆ ತೊಡದ ಮನೆ ಇರಲಿಲ್ಲ. ಬಾಗಿಲಲ್ಲಿ ನಿಂತಿದ್ದವರು ಮಾತು ನಿಲ್ಲಿಸಿದರು. ಮಾಸ್ಟರ್ ಕಿವಿ ಕೆಂಪಾಯಿತು, ಆದರೆ ಕಾಲು ನಿಲ್ಲಲಿಲ್ಲ. ಕ್ಷೌರದಂಗಡಿಯವನು ಕತ್ತರಿ ಹಿಡಿದುಕೊಂಡೇ ಹೊರಗೆ ಓಡಿ ಬಂದ.

“ಮಾಸ್ಟರ್! ಇದೇನು, ರೆಡಿಮೇಡ್! ಅಯ್ಯೋ, ನಿಮ್ಮ ಭುಜ ಎಲ್ಲಿ ಬಿದ್ದುಹೋಯ್ತು?”

“ನಲವತ್ತೆರಡು ವರ್ಷದಿಂದ ಬಿದ್ದೇ ಇತ್ತು ಮಾರಾಯ. ಇವತ್ತು ಗಾಳಿಗೆ ತಂದಿದ್ದೀನಿ.”

ಬಾಬಿನ್‌ಗೆ ನಗು ತಡೆಯಲಾಗಲಿಲ್ಲ. ನಕ್ಕದ್ದೇ ಅವಳು ತಾತನ ಎಡಗೈ ಹಿಡಿದುಕೊಂಡಳು. ಶಾಲೆಯ ಗೇಟಿನವರೆಗೂ ಬಿಡಲಿಲ್ಲ. ಗೇಟಿನ ಹತ್ತಿರ ಅವಳ ಗೆಳತಿಯರು ಕೂಗಿ ಕರೆಯುತ್ತಿದ್ದರು. ಅವಳು ಎರಡು ಹೆಜ್ಜೆ ಓಡಿ, ಮತ್ತೆ ವಾಪಸು ಬಂದು, ತಾತನ ಭುಜವನ್ನು ಒಂದು ಕಣ್ಣು ಮುಚ್ಚಿ ನೋಡಿದಳು. ಥೇಟ್ ಟೈಲರಿನ ನೋಟ.

“ನಿನ್ನದು ಒಂದು ಇಂಚಿಗಿಂತ ಜಾಸ್ತಿ ಇದೆ ತಾತ. ಭಾನುವಾರ ನೀನೂ ಇದೇ ಅಂಗಿ ಹಾಕ್ಕೊಂಡು ಕಿಟಕಿ ಹತ್ರ ನಿಲ್ಲು. ನಾನು ಅಳೀತೀನಿ.”

“ನನ್ನದು ಇನ್ನು ಸರಿ ಹೋಗುತ್ತಾ ಪುಟ್ಟ?”

“ಗೊತ್ತಿಲ್ಲ. ಆದ್ರೆ ಗಟ್ಟಿಯಾಗಿ ಓದಿ ಹೇಳ್ತೀನಿ,” ಎಂದು ಅವಳು ಓಡಿದಳು. ಓಡುವಾಗ ಅವಳ ಬಿಳಿ ಅಂಗಿಯ ಬೆನ್ನಿನ ನೆರಿಗೆ ಒಮ್ಮೆ ಕಾಣುತ್ತಿತ್ತು, ಒಮ್ಮೆ ಕಾಣುತ್ತಿರಲಿಲ್ಲ. ಗೇಟು ಮುಚ್ಚುವವರೆಗೂ ಮಾಸ್ಟರ್ ಅದನ್ನೇ ನೋಡುತ್ತಾ ನಿಂತಿದ್ದರು.